ಬರಿದಾದ ಮನೆಯ ಬಣ್ಣ

ವ್ಯಾಕರಣವನ್ನೂ ಕಾವ್ಯವನ್ನೂ ಪಾಠ ಹೇಳಿಕೊಂಡು ಬಂದ ಒಬ್ಬ ಸಂಸ್ಕೃತ ಪಂಡಿತನು, ಗಣಕಯಂತ್ರದ ಲೆಕ್ಕದ ಹಾಳೆಯಲ್ಲಿ ಬಣ್ಣ ತುಂಬುವ ವಿಷಯವಾಗಿ ಬರೆಯಹೊರಟನೆಂದರೆ ಈ ಪತ್ರಿಕೆಯ ವಾಚಕರು ನಗುವುದು ಸಹಜವೇ. ಅವರ ಸ್ಥಾನದಲ್ಲಿದ್ದರೆ ನಾನೂ ನಗುತ್ತಿದ್ದೆನು. ಆದರೆ 34 ವರ್ಷಗಳ ನನ್ನ ಅಧ್ಯಾಪಕವೃತ್ತಿಯಲ್ಲಿ, ನೆನೆದಾಗಲೆಲ್ಲ ತಲೆ ತಗ್ಗಿಸುವಂತೆ ಮಾಡುವ ಒಂದು ಸಂಗತಿಯು ಈ ಬಣ್ಣದ ದೆಸೆಯಿಂದಲೇ ನಡೆಯಿತು. ಅದನ್ನು ಹೇಳಿಕೊಂಡರೆ ನನ್ನ ಮನಸ್ಸು ಹಗುರವಾದೀತು. ಪಟ್ಟಿಗಳನ್ನೂ ಲೆಕ್ಕಗಳನ್ನೂ ಇಡತಕ್ಕ ಇತರರಿಗೆ ಎಚ್ಚರಿಕೆಯೂ ಆದೀತು ಎಂಬ ಎರಡು ಕಾರಣಗಳಿಂದ ಈ ಬರಹಕ್ಕೆ ಕೈಯಿಟ್ಟಿರುವೆನು.

ಬಣ್ಣದಿಂದ ಗುರುತುಮಾಡುವ ಪದ್ಧತಿಯೇನೋ ಹೊಸದಲ್ಲ. ನಾನು ಓದಿದ ಪಾಠಶಾಲೆಯಲ್ಲಿ ಗುರುಗಳ ಬಳಿ ಹಳೆಯ ಕಾಗದದ ಹಸ್ತಪ್ರತಿಗಳು ಕೆಲವು ಇದ್ದುವು. ಲಿಪಿಕಾರನು ಕೈತಪ್ಪಿ ಬರೆದ ಅಕ್ಷರಗಳ ಮೇಲೆ ಹರಿತಾಳದ ಹಳದಿಯನ್ನು ಬಳಿದು ಅವನ್ನು ಮುಚ್ಚಿದ್ದನು. ಅಧ್ಯಾಯವು ಮುಗಿಯುವ ಎಡೆಯಲ್ಲಿ ಕೆಂಪನ್ನು ತೀಡಿದ್ದನು. ಹಳದಿಯೆಂದರೆ ‘ಇದನ್ನು ಓದಬೇಡ’, ಕೆಂಪೆಂದರೆ ‘ಇಲ್ಲಿ ನಿಲ್ಲು’ ಎಂದು ಗುರುಗಳು ನಮಗೆ ಹೇಳಿಕೊಟ್ಟಿದ್ದರು. ಮುಂದೆ ನಾನೇ ಅಧ್ಯಾಪಕನಾದ ಮೇಲೆ ನನ್ನ ಕೈಗೂ ಕೆಂಪು ಮಸಿಯ ಲೇಖನಿ ಬಂದಿತು. ಅಂಕಗಳ ಪುಸ್ತಕದಲ್ಲಿ ಅನುತ್ತೀರ್ಣನಾದವನ ಅಂಕದ ಕೆಳಗೆ ಕೆಂಪು ಗೆರೆಯನ್ನು ಎಳೆಯಬೇಕಾಗಿದ್ದಿತು. ಹಾಗೆ ಎಳೆಯುವ ಮುನ್ನ ಕೈ ಒಂದು ಕ್ಷಣ ತಡೆಯುತ್ತಿದ್ದಿತು. ಆ ಕ್ಷಣದಲ್ಲಿ ಆ ಹುಡುಗನ ಮುಖವೂ, ಅವನು ಕುಳಿತುಕೊಳ್ಳುವ ಬೆಂಚೂ, ಅವನ ಮನೆಯ ಸ್ಥಿತಿಯೂ ನೆನಪಿಗೆ ಬರುತ್ತಿದ್ದುವು. ಗೆರೆಯನ್ನೇನೋ ಎಳೆದೇ ತೀರುತ್ತಿದ್ದೆನು. ಆದರೂ ಆ ಒಂದು ಕ್ಷಣದ ತಡೆಗೆ ಎಷ್ಟು ಬೆಲೆಯಿದ್ದಿತೆಂಬುದು ಅದು ಕಳೆದುಹೋದ ಮೇಲೆ ತಿಳಿಯಿತು.

2016ನೆಯ ಇಸವಿಯಲ್ಲಿ ನಾನು ಹತ್ತನೆಯ ತರಗತಿಯೊಂದರ ತರಗತಿ ಉಪಾಧ್ಯಾಯನಾಗಿದ್ದೆನು. ಮಕ್ಕಳು 64 ಮಂದಿ, ವಿಷಯಗಳು 6. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ಇನ್ನು ಮೇಲೆ ಗಣಕದಲ್ಲಿಯೇ ತುಂಬತಕ್ಕದ್ದೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದರು. ನಮ್ಮಲ್ಲಿಗೆ ಹೊಸದಾಗಿ ಬಂದಿದ್ದ ಗಣಕದ ಉಪಾಧ್ಯಾಯಿನಿಯು ನನ್ನ ಮಗಳ ವಯಸ್ಸಿನವಳು, ತಾಳ್ಮೆಯುಳ್ಳವಳು. ಆಕೆ ಸಂಜೆಯ ಹೊತ್ತು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಕ್ಸೆಲ್ ಎಂಬ ಸಾಧನವನ್ನು ಪರಿಚಯಮಾಡಿಕೊಟ್ಟಳು. ಅಡ್ಡಸಾಲೂ ಕಂಬಸಾಲೂ ಕೂಡುವ ಎಡೆಗೆ ಅಲ್ಲಿ ‘ಸೆಲ್’ ಎಂದು ಹೆಸರು. ಜಾತಕದ ಕುಂಡಲಿಗಳನ್ನು ನೋಡಿ ಅಭ್ಯಾಸವಾದ ನಾನು ಅದನ್ನು ‘ಮನೆ’ಯೆಂದೇ ಕರೆದೆನು. ಆಕೆಯೂ ನಕ್ಕು ಒಪ್ಪಿಕೊಂಡಳು.

ಸಣ್ಣ ಗಣಕಗಳಲ್ಲಿ ಇಂತಹ ಹಾಳೆಯನ್ನು ಮೊದಲು ಬಳಕೆಗೆ ತಂದುದು 1979ರಲ್ಲಿ ಹೊರಬಂದ ‘ವಿಸಿಕ್ಯಾಲ್ಕ್’. ಅದನ್ನು ರಚಿಸಿದವರು ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಅಮೆರಿಕದ ಇಬ್ಬರು. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್ 1985ರಲ್ಲಿ ಬಂದಿತು. ಮನೆಯೊಳಗಿನ ಬೆಲೆಯನ್ನು ನೋಡಿ ಯಂತ್ರವು ತಾನಾಗಿಯೇ ಬಣ್ಣ ಹಚ್ಚತಕ್ಕ ಏರ್ಪಾಡು ಅದರಲ್ಲಿ ಸೇರಿದುದು ‘ಎಕ್ಸೆಲ್ 97’ ಎಂಬ ಆವೃತ್ತಿಯಲ್ಲಿ. ಇದಕ್ಕೆ ‘ಕಂಡೀಷನಲ್ ಫಾರ್ಮ್ಯಾಟಿಂಗ್’ ಎಂದು ಹೆಸರು. ನಿಬಂಧನೆಗೆ ಒಳಪಟ್ಟ ವರ್ಣವಿನ್ಯಾಸವೆಂದು ನಾವು ಹೇಳಬಹುದು. ಆಗ ಒಂದು ಮನೆಗೆ ಮೂರೇ ನಿಬಂಧನೆಗಳನ್ನು ಹಾಕಲು ಅವಕಾಶವಿದ್ದಿತು. 2007ರ ಆವೃತ್ತಿಯು ಆ ಮಿತಿಯನ್ನು ತೆಗೆದುಹಾಕಿತು.

ಕೆಲಸದ ಕ್ರಮವು ಸುಲಭ. ಬಣ್ಣ ಬೇಕಾದ ಮನೆಗಳನ್ನೆಲ್ಲ ಮೊದಲು ಆರಿಸಿಕೊಳ್ಳಬೇಕು. ‘ಹೋಮ್’ ಎಂಬ ಪಟ್ಟಿಯಲ್ಲಿ ‘ಕಂಡೀಷನಲ್ ಫಾರ್ಮ್ಯಾಟಿಂಗ್’ ಎಂಬ ಗುಂಡಿಯನ್ನು ಒತ್ತಿ, ‘ಹೈಲೈಟ್ ಸೆಲ್ಸ್ ರೂಲ್ಸ್’ ಎಂಬುದರೊಳಗೆ ಹೊಕ್ಕು, ‘ಲೆಸ್ ದ್ಯಾನ್’ ಎಂಬುದನ್ನು ಆರಿಸಿ, ಆ ವರ್ಷಗಳಲ್ಲಿ ಉತ್ತೀರ್ಣತೆಗೆ ಕನಿಷ್ಠವಾಗಿದ್ದ 35 ಎಂಬ ಸಂಖ್ಯೆಯನ್ನು ಬರೆದೆನು. ತಿಳಿಗೆಂಪು ನೆಲ, ಕಡುಗೆಂಪು ಅಕ್ಷರ ಎಂಬ ಬಣ್ಣವನ್ನು ಯಂತ್ರವೇ ಮುಂದೆ ಹಿಡಿಯಿತು. ಒಪ್ಪಿಗೆಯ ಗುಂಡಿಯನ್ನು ಒತ್ತಿದೆನು. 384 ಮನೆಗಳಲ್ಲಿ ಕೆಂಪಾಗಬೇಕಾದುವೆಲ್ಲ ರೆಪ್ಪೆ ಬಡಿಯುವಷ್ಟರಲ್ಲಿ ಕೆಂಪಾದುವು! ಒಂದು ಮನೆಯ 34ನ್ನು ಅಳಿಸಿ 35 ಎಂದು ಬರೆದು ನೋಡಿದೆನು, ಕೆಂಪು ಮಾಯವಾಯಿತು. ಮತ್ತೆ 34 ಎಂದು ಬರೆದೆನು, ಮರಳಿ ಬಂದಿತು. ಕಾರಣವಿದ್ದರೆ ಕಾರ್ಯ, ಕಾರಣವಿಲ್ಲದಿದ್ದರೆ ಕಾರ್ಯವಿಲ್ಲ. ಅನ್ವಯವ್ಯತಿರೇಕಗಳನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾನು ಕಂಡಿರಲಿಲ್ಲ.

ಉತ್ಸಾಹವೇರಿತು. 50ಕ್ಕಿಂತ ಕಡಿಮೆ ಬಂದವರಿಗೆ ಹಳದಿ, 60 ಮತ್ತು ಅದಕ್ಕಿಂತ ಹೆಚ್ಚು ಬಂದವರಿಗೆ ಹಸಿರು ಎಂದು ಇನ್ನೆರಡು ನಿಬಂಧನೆಗಳನ್ನು ಸೇರಿಸಿದೆನು. ನೋಡಲಾಗಿ, ಕೆಂಪಾಗಿದ್ದ ಮನೆಗಳೆಲ್ಲ ಹಳದಿಯಾಗಿದ್ದುವು! 28 ಎಂಬುದು 35ಕ್ಕಿಂತಲೂ ಕಡಿಮೆ, 50ಕ್ಕಿಂತಲೂ ಕಡಿಮೆ. ಎರಡು ವಿಧಿಗಳಿಗೂ ಅದು ಪಾತ್ರ. ಹೀಗೆ ಎರಡು ವಿಧಿಗಳು ಒಂದೇ ಎಡೆಯಲ್ಲಿ ಹೊಡೆದಾಡಿದರೆ ಪಾಣಿನಿಯ ಶಾಸ್ತ್ರದಲ್ಲಿ, ಅವು ಸಮಾನಬಲವುಳ್ಳವಾದರೆ, ಮುಂದೆ ಹೇಳಿದುದು ಗೆಲ್ಲುವುದು. ಎಕ್ಸೆಲಿನಲ್ಲಿ ನಿಬಂಧನೆಗಳ ಪಟ್ಟಿಯ ಮೇಲ್ಭಾಗದಲ್ಲಿರುವುದು ಗೆಲ್ಲುವುದು. ಆದರೆ ಹೊಸದಾಗಿ ಸೇರಿಸಿದುದು ಪಟ್ಟಿಯ ತಲೆಯ ಮೇಲೆಯೇ ಹೋಗಿ ಕೂರುವುದರಿಂದ, ನಾವಾಗಿ ಅದಲುಬದಲು ಮಾಡದಿದ್ದರೆ, ಇಲ್ಲಿಯೂ ಮುಂದೆ ಹೇಳಿದುದೇ ಗೆದ್ದಂತಾಯಿತು. ಭೇದವಿರುವುದು ಇನ್ನೊಂದೆಡೆಯಲ್ಲಿ. ವಿಶೇಷವಿಧಿಯು ಸಾಮಾನ್ಯವಿಧಿಯನ್ನು ಬಾಧಿಸಬೇಕೆಂಬ ವಿವೇಕವು ವೈಯಾಕರಣನಿಗೆ ಉಂಟು, ಯಂತ್ರಕ್ಕೆ ಇಲ್ಲ. ಅದಕ್ಕೆ ತಿಳಿದಿರುವುದು ಮೇಲು ಕೆಳಗು ಮಾತ್ರ. ಉಪಾಧ್ಯಾಯಿನಿಯು ಕೆಂಪಿನ ವಿಧಿಯನ್ನು ಬಾಣದ ಗುಂಡಿಯಿಂದ ಮೇಲಕ್ಕೆ ಏರಿಸಿಕೊಟ್ಟಳು. ಹಾಳೆಯು ಸರಿಹೋಯಿತು. ಸರಿಹೋಯಿತೆಂದು ನಾನು ತಿಳಿದೆನು.

ಆ ಶನಿವಾರ ಪೋಷಕರ ಸಭೆ ನಡೆಯಿತು. ಮುಖ್ಯೋಪಾಧ್ಯಾಯರು ನನ್ನ ಹಾಳೆಯನ್ನು ಬಹಳವಾಗಿ ಮೆಚ್ಚಿ, ಪ್ರೊಜೆಕ್ಟರಿನ ಮೂಲಕ ಗೋಡೆಯ ಮೇಲೆ ತೋರಿಸಿದರು. ಹಸಿರು, ಹಳದಿ, ಅಲ್ಲಲ್ಲಿ ಒಂದೊಂದು ಕೆಂಪು. ಅವುಗಳ ನಡುವೆ ಒಂದು ಸಾಲು ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಆರು ಮನೆಗಳೂ ಕೆಂಪಾಗಿ ಉರಿಯುತ್ತಿದ್ದಿತು. ಹಿಂದಿನ ಬೆಂಚಿನಿಂದ ಒಬ್ಬರು ಎದ್ದುನಿಂತರು. ಬಾಡಿಗೆಗೆ ಗೂಡ್ಸ್ ಆಟೋ ಓಡಿಸತಕ್ಕವರು.

“ಮೇಷ್ಟ್ರೇ, ಆ ಕೆಂಪು ಸಾಲು ಯಾರದು?”

ಯಾರೋ ಹೆಸರನ್ನು ಓದಿ ಹೇಳಿದರು. ಅದು ಅವರ ಮಗಳ ಹೆಸರೇ ಆಗಿದ್ದಿತು. ನಾನಾದರೋ ಗೋಡೆಯ ಕಡೆಗೆ ನೋಡುತ್ತಲೇ, “ಆರಕ್ಕೆ ಆರೂ ಹೋಗಿದೆಯಲ್ಲ! ಮನೆಯಲ್ಲಿ ನೀವು ಸ್ವಲ್ಪ ಗಮನ ಕೊಡಬೇಕು,” ಎಂದೆನು. ಅವರು ಏನನ್ನೂ ಹೇಳಲಿಲ್ಲ. ಹೆಗಲ ಮೇಲಿದ್ದ ವಸ್ತ್ರವನ್ನು ಸರಿಮಾಡಿಕೊಂಡು ಹೊರಗೆ ಹೋದರು. ಬಾಗಿಲ ಬಳಿ ಗೆಳತಿಯರೊಡನೆ ನಿಂತಿದ್ದ ಹುಡುಗಿಯೂ ಅವರ ಹಿಂದೆಯೇ ಹೋದಳು. ಸಭೆ ಮುಂದುವರಿಯಿತು.

ಸೋಮವಾರ ಆ ಹುಡುಗಿ ಶಾಲೆಗೆ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಸಾಲನ್ನು ನೋಡುತ್ತ ಹಾಳೆಯನ್ನು ಹಿಂದಕ್ಕೆ ತಿರುವಿದಾಗ ನನ್ನ ಎದೆ ಧಸಕ್ಕೆಂದಿತು. ಪರೀಕ್ಷೆಯ ಆರು ದಿನಗಳೂ ಅವಳು ಗೈರುಹಾಜರಾಗಿದ್ದಳು. ತಾಯಿಗೆ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದುದರಿಂದ ಚಿಕ್ಕ ತಮ್ಮನನ್ನು ನೋಡಿಕೊಳ್ಳಬೇಕಾಗಿದೆಯೆಂದು ರಜಾಚೀಟಿಯನ್ನು ಕೊಟ್ಟಿದ್ದಳು. ಆ ಚೀಟಿಯು ಪುಸ್ತಕದೊಳಗೆ ಮಡಿಸಿದಂತೆಯೇ ಇದ್ದಿತು. ಅದರ ಕೆಳಗೆ ‘ಮಂಜೂರು’ ಎಂದು ಬರೆದು ರುಜು ಮಾಡಿದವನು ನಾನೇ!

ಗಣಕದಲ್ಲಿ ಹಾಳೆಯನ್ನು ತೆರೆದು ನೋಡಿದೆನು. ಅವಳ ಆರು ಮನೆಗಳಲ್ಲಿಯೂ ಏನೂ ಇರಲಿಲ್ಲ, ಬರಿದಾಗಿದ್ದುವು. ಬರಿದಾದ ಮನೆಯು ಕೆಂಪಾದುದು ಹೇಗೆಂದು ಉಪಾಧ್ಯಾಯಿನಿಯನ್ನು ಕೇಳಿದೆನು. ಆಕೆಯ ಮುಖವೂ ಬಾಡಿತು. “ಪಂಡಿತರೇ, ಈ ವಿಧಿಯಲ್ಲಿ ಎಕ್ಸೆಲ್ ಬರಿಯ ಮನೆಯನ್ನು ಸೊನ್ನೆಯೆಂದು ಎಣಿಸುತ್ತದೆ. ಸೊನ್ನೆ 35ಕ್ಕಿಂತ ಕಡಿಮೆಯಲ್ಲವೇ? ಮೊದಲೇ ನಿಮಗೆ ಹೇಳಬೇಕಾಗಿತ್ತು,” ಎಂದಳು. ಅವಳದೇನು ತಪ್ಪು? ಅಭಾವವೆಂಬುದೇ ಏಳನೆಯ ಪದಾರ್ಥ, ಅದರಲ್ಲಿ ನಾಲ್ಕು ಬಗೆಗಳುಂಟು ಎಂದು ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಬಾಲ್ಯದಲ್ಲಿಯೇ ಓದಿದವನು ನಾನು. ಮಡಕೆಯು ಹುಟ್ಟುವ ಮೊದಲು ಅದರ ಇಲ್ಲದಿರುವಿಕೆ ಪ್ರಾಗಭಾವ. ಒಡೆದ ಮೇಲೆ ಆಗುವುದು ಪ್ರಧ್ವಂಸಾಭಾವ. ಪರೀಕ್ಷೆಯನ್ನು ಬರೆದು ಏನೂ ಬಾರದವನಿಗೆ ಸೊನ್ನೆ. ಪರೀಕ್ಷೆಯನ್ನು ಇನ್ನೂ ಬರೆಯದವಳಿಗೆ ಅಂಕದ ಪ್ರಾಗಭಾವ. ಒಂದು, ಆಗಿಹೋದುದರ ಲೆಕ್ಕ. ಇನ್ನೊಂದು, ಆಗಬೇಕಾದುದರ ಲೆಕ್ಕ. ಇವೆರಡಕ್ಕೂ ಒಂದೇ ಬಣ್ಣವನ್ನು ಬಳಿದು, ಗೋಡೆಯ ಮೇಲೆ ಹಾಕಿ, ಮೇಲೆ ಉಪದೇಶವನ್ನೂ ಮಾಡಿದ್ದೆನು. ಕೈಯಲ್ಲಿ ಕೆಂಪು ಲೇಖನಿಯಿದ್ದಿದ್ದರೆ ಗೆರೆ ಎಳೆಯಲು ಅಲ್ಲಿ ಅಂಕವೇ ಇರುತ್ತಿರಲಿಲ್ಲ. ಕೈ ತಾನಾಗಿ ತಡೆಯುತ್ತಿದ್ದಿತು.

ಅಂದು ಸಂಜೆಯೇ ಆ ಕೆಂಪನ್ನು ಅಳಿಸಬೇಕೆಂದು ಕುಳಿತೆನು. ಮನೆಗೆ ಕೈಯಿಂದ ಬಣ್ಣ ತುಂಬತಕ್ಕ ಬೇರೊಂದು ಗುಂಡಿಯುಂಟು. ಅದರಿಂದ ಆರು ಮನೆಗಳಿಗೂ ಬಿಳುಪನ್ನು ಬಳಿದೆನು. ಕೆಂಪು ಅಳುಕಲಿಲ್ಲ. ಮತ್ತೆ ಬಳಿದೆನು, ಹಾಗೆಯೇ ಇದ್ದಿತು. ನಿಬಂಧನೆಯಿಂದ ಬಂದ ಬಣ್ಣವು ಕೈಯಿಂದ ಬಳಿದ ಬಣ್ಣವನ್ನು ಮುಚ್ಚಿಬಿಡುವುದಂತೆ. ನಿಬಂಧನೆಯು ಹಾಗೆಯೇ ಇರುವ ತನಕ ಮೇಲೆ ಸುಣ್ಣ ಹೊಡೆದು ಪ್ರಯೋಜನವಿಲ್ಲ. ಇದು ಹಾಳೆಗೆ ಮಾತ್ರ ಸಲ್ಲುವ ಮಾತಲ್ಲವೆಂದು ಆ ಹೊತ್ತಿನಲ್ಲಿ ನನಗೆ ತೋರಿತು.

ಬಳಿಕ, ಬರಿದಾಗಿರುವುದೇ ದೋಷವಷ್ಟೆ, ಏನಾದರೊಂದನ್ನು ತುಂಬೋಣವೆಂದು ‘ಗೈರುಹಾಜರಿ’ಗೆ ಗುರುತಾಗಿ ‘ಗೈ’ ಎಂಬ ಅಕ್ಷರವನ್ನು ಆರು ಮನೆಗಳಲ್ಲಿಯೂ ಬರೆದೆನು. ಕೆಂಪು ಹೋಯಿತು, ಆದರೆ ಆರು ಮನೆಗಳೂ ಹಚ್ಚಹಸಿರಾದುವು! ಪರೀಕ್ಷೆಯನ್ನೇ ಬರೆಯದವಳು ಆರಕ್ಕೆ ಆರರಲ್ಲಿಯೂ ಪ್ರಥಮ ದರ್ಜೆಯವರ ಸಾಲಿಗೆ ಸೇರಿದಳು. ಅಂಕೆಯನ್ನೂ ಅಕ್ಷರವನ್ನೂ ಹೋಲಿಸಿ ನೋಡುವಾಗ ಅಕ್ಷರವು ಎಲ್ಲ ಅಂಕೆಗಳಿಗಿಂತಲೂ ದೊಡ್ಡದೆಂಬುದು ಎಕ್ಸೆಲಿನ ಮತವೆಂದು ಉಪಾಧ್ಯಾಯಿನಿಯು ವಿವರಿಸಿದಳು. ಬೇರೆ ಸಮಯದಲ್ಲಾಗಿದ್ದರೆ ಅಕ್ಷರಕ್ಕೆ ಸಂದ ಈ ಗೌರವವನ್ನು ಕೇಳಿ ನಾನು ಹಿಗ್ಗುತ್ತಿದ್ದೆನು. ಆ ದಿನ ನಗುವೂ ಬರಲಿಲ್ಲ. ಸುಳ್ಳು ಕೆಂಪಿಗಿಂತ ಸುಳ್ಳು ಹಸಿರು ಮೇಲೆಂದು ಯಾರಾದರೂ ಹೇಳಿಯಾರು. ಅದು ಸರಿಯಲ್ಲ. ಹಸಿರನ್ನು ಕಂಡು ನಾವು ಸುಮ್ಮನಾಗುತ್ತಿದ್ದೆವು. ಅವಳಿಗೆ ಬೇರೆ ಪರೀಕ್ಷೆಯನ್ನು ನಡೆಸಬೇಕೆಂಬುದೇ ಯಾರಿಗೂ ಹೊಳೆಯುತ್ತಿರಲಿಲ್ಲ.

ಕಡೆಗೆ ಇಬ್ಬರೂ ಕೂಡಿ ಎರಡು ಹೊಸ ವಿಧಿಗಳನ್ನು ಮಾಡಿದೆವು. ಮನೆಯು ಬರಿದಾಗಿದ್ದರೆ ಬೂದುಬಣ್ಣ. ಮನೆಯಲ್ಲಿ ಅಂಕೆಯಲ್ಲದೆ ಅಕ್ಷರವಿದ್ದರೂ ಬೂದುಬಣ್ಣ. ಇವೆರಡನ್ನೂ ಪಟ್ಟಿಯ ತಲೆಯ ಮೇಲೆಯೇ ಇರಿಸಿ, ‘ಸ್ಟಾಪ್ ಇಫ್ ಟ್ರೂ’ ಎಂಬ ಗುರುತನ್ನೂ ಹಾಕಿದೆವು. ‘ಇದು ನಿಜವಾದರೆ ಇಲ್ಲಿಯೇ ನಿಲ್ಲು, ಕೆಳಗಿನ ವಿಧಿಗಳ ಗೊಡವೆ ಬೇಡ’ ಎಂದು ಅದರ ಅರ್ಥ. ಹಸ್ತಪ್ರತಿಯ ಕೆಂಪು ಹೇಳುತ್ತಿದ್ದುದೂ ‘ನಿಲ್ಲು’ ಎಂದೇ ಅಲ್ಲವೇ! ನನ್ನ ಲೇಖನಿಗೆ ತಾನಾಗಿ ಒದಗುತ್ತಿದ್ದ ಆ ಒಂದು ಕ್ಷಣದ ತಡೆಯನ್ನು ಯಂತ್ರಕ್ಕೆ ನಾವು ಹೀಗೆ ಬಾಯಿಬಿಟ್ಟು ಹೇಳಿಕೊಡಬೇಕಾಯಿತು. ಹೇಳದಿದ್ದರೆ ಅದು ತಡೆಯುವುದಿಲ್ಲ.

ಹೊಸ ಹಾಳೆಯನ್ನು ಬಣ್ಣದಲ್ಲಿ ಅಚ್ಚುಮಾಡಿಸಿಕೊಂಡು ಬುಧವಾರ ಸಂಜೆ ಆ ಹುಡುಗಿಯ ಮನೆಗೆ ಹೋದೆನು. ತಾಯಿಯು ಒಳಗೆ ಮಲಗಿದ್ದರು. ತಂದೆಯು ಜಗಲಿಯ ಮೇಲೆ ಚಾಪೆ ಹಾಸಿ, “ಕೂತ್ಕೊಳ್ಳಿ ಮೇಷ್ಟ್ರೇ,” ಎಂದರು. ಹುಡುಗಿ ನೀರು ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತಳು. ತಪ್ಪು ನನ್ನದೆಂದೂ, ಅವಳು ಯಾವ ವಿಷಯದಲ್ಲಿಯೂ ಹೋಗಿಲ್ಲವೆಂದೂ, ಅವಳಿಗೆ ಬೇರೆ ಪರೀಕ್ಷೆ ನಡೆಸಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆಂದೂ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ಬಳಿಕ ಹೇಳಿದರು:

“ಓದು ಸಾಕು, ಮನೆ ನೋಡ್ಕೊಂಡಿರಲಿ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ, ಮೇಷ್ಟ್ರೇ. ನಾನು ಪರೀಕ್ಷೆಗೆ ಹೋಗಿಲ್ಲ ಅಪ್ಪ ಅಂತ ಅವಳು ಹೇಳಿದಳು. ಗೋಡೆ ಮೇಲೆ ಅಷ್ಟು ದೊಡ್ಡದಾಗಿ ಸುಳ್ಳು ಹಾಕ್ತಾರೇನೆ ಅಂತ ನಾನೇ ಬೈದೆ.”

ಅಚ್ಚಾದ ಹಾಳೆಯನ್ನು ಅವರ ಕೈಗೆ ಕೊಟ್ಟು ಬೂದುಬಣ್ಣದ ಸಾಲನ್ನು ತೋರಿಸಿದೆನು. ಅದರ ಮೇಲೆ ಬೆರಳಾಡಿಸುತ್ತ ಅವರೆಂದರು: “ನನಗೆ ಓದೋದಕ್ಕೆ ಬರೋದಿಲ್ಲ. ಬಣ್ಣ ಮಾತ್ರ ತಿಳಿಯುತ್ತೆ. ಅದಕ್ಕೇ ಮೇಷ್ಟ್ರೇ, ಬಣ್ಣ ಹಚ್ಚೋರು ಸರಿಯಾಗಿ ಹಚ್ಚಬೇಕು.”

ಹೊರಡುವಾಗ ಹುಡುಗಿಯು ಮೆಲ್ಲಗೆ, “ಸಾರ್, ನಾನು ರಜಾಚೀಟಿ ಕೊಟ್ಟಿದ್ದೆನಲ್ಲಾ?” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. “ಕೊಟ್ಟಿದ್ದೆ ತಾಯಿ. ನಾನು ನೋಡಲಿಲ್ಲ,” ಎಂದೆನು.

ಗುರುವಾರ ಅವಳು ಬಂದಳು. ತರಗತಿಯಲ್ಲಿ ಎಲ್ಲರೆದುರಿಗೂ ನನ್ನ ತಪ್ಪನ್ನು ಹೇಳಿದೆನು. ಮುಂದಿನ ಪೋಷಕರ ಸಭೆಯಲ್ಲಿಯೂ ಹೇಳಿದೆನು. ಗೋಡೆಯ ಮೇಲೆ ಕಂಡುದನ್ನು ನೋಡಿದವರೆಲ್ಲರ ಕಣ್ಣುಗಳಿಂದ ಅಳಿಸುವುದು ಸಾಧ್ಯವಾಯಿತೋ ಇಲ್ಲವೋ! ಬೇರೆ ಪರೀಕ್ಷೆಯಾದ ಮೇಲೆ ಅವಳ ಸಾಲಿನಲ್ಲಿ ಎರಡು ಮನೆಗಳು ಹಸಿರಾದುವು, ಮೂರು ಹಳದಿಯಾದುವು, ಗಣಿತದ ಮನೆ ಮಾತ್ರ ಕೆಂಪಾಯಿತು. ಆ ಕೆಂಪು ಸತ್ಯವಾದ ಕೆಂಪು. ಅದನ್ನು ಕುರಿತು ಅವಳೊಡನೆ ಮಾತನಾಡುವ ಅಧಿಕಾರ ನನಗಿದ್ದಿತು. ಕೇಳಿಸಿಕೊಳ್ಳುವ ಮನಸ್ಸು ಅವಳಿಗಿದ್ದಿತು. 2017ರ ಸಾರ್ವಜನಿಕ ಪರೀಕ್ಷೆಯಲ್ಲಿ ಅವಳು ಗಣಿತವೂ ಸೇರಿ ಎಲ್ಲದರಲ್ಲಿಯೂ ಉತ್ತೀರ್ಣಳಾದಳು.

ಇನ್ನೊಂದು ಮಾತನ್ನು ಸೇರಿಸಿ ಮುಗಿಸುವೆನು. ಎಕ್ಸೆಲಿನಲ್ಲಿ ‘ಕಲರ್ ಸ್ಕೇಲ್’ ಎಂಬ ಮತ್ತೊಂದು ಏರ್ಪಾಡುಂಟು. 2007ರ ಆವೃತ್ತಿಯಲ್ಲಿ ಬಂದುದು. ಇದಕ್ಕೆ 35, 60 ಎಂಬ ಮೇರೆಗಳನ್ನು ನಾವು ಕೊಡಬೇಕಾಗಿಲ್ಲ. ಹಸಿರು, ಹಳದಿ, ಕೆಂಪು ಎಂಬ ಮೂರು ಬಣ್ಣಗಳ ಮಾದರಿಯನ್ನು ಆರಿಸಿದರೆ, ಇರುವ ಬೆಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನದಕ್ಕೆ ಹಸಿರನ್ನೂ ಎಲ್ಲಕ್ಕಿಂತ ಕಡಿಮೆಯದಕ್ಕೆ ಕೆಂಪನ್ನೂ ಹಚ್ಚಿ, ನಡುವಿನವಕ್ಕೆ ಹದವಾಗಿ ಬೆರೆಸಿದ ಬಣ್ಣಗಳನ್ನು ಹಚ್ಚುವುದು. ನೋಡಲು ಸಂಜೆಯ ಆಕಾಶದಂತೆ ಸೊಗಸಾಗಿರುವುದು. ನನ್ನ ಸಂಸ್ಕೃತ ತರಗತಿಯ ಅಂಕಗಳಿಗೆ ಅದನ್ನು ಒಮ್ಮೆ ಹಾಕಿ ನೋಡಿದೆನು. ಎಲ್ಲರಿಗಿಂತ ಕಡಿಮೆ ಬಂದಿದ್ದ ಹುಡುಗನಿಗೆ 72 ಅಂಕಗಳು. ಅವನ ಮನೆ ಕೆಂಪಾಗಿ ನಿಂತಿತು! ಎಲ್ಲರೂ ಚೆನ್ನಾಗಿ ಓದಿದರೂ ಕೊನೆಯಲ್ಲಿ ಒಬ್ಬನು ಇರಲೇಬೇಕು. ಆ ಒಬ್ಬನು ಯಾವಾಗಲೂ ಕೆಂಪಾಗಲೇಬೇಕು. ಮಳೆಯ ಲೆಕ್ಕಕ್ಕೆ, ಬೆಳೆಯ ಲೆಕ್ಕಕ್ಕೆ ಇದು ಉಪಯುಕ್ತವಾದೀತು. ಮಕ್ಕಳಿಗೆ ಬೇಡವೆಂದು ಅಂದೇ ತೆಗೆದುಹಾಕಿದೆನು.

ನಿವೃತ್ತನಾದ ಮೇಲೆ ಈ ಪತ್ರಿಕೆಯ ಚಂದಾದಾರರ ಪಟ್ಟಿಯನ್ನು ಇಡುವ ಕೆಲಸವನ್ನು ನಮ್ಮ ಸಂಘದವರು ನನಗೆ ಒಪ್ಪಿಸಿರುವರು. ಚಂದಾ ಮುಗಿದವರ ಮನೆ ಕೆಂಪಾಗುವಂತೆ ಅದರಲ್ಲಿಯೂ ನಿಬಂಧನೆಯನ್ನು ಹಾಕಿರುವೆನು. ಆದರೆ ಬರಿಯ ಮನೆಗಳಿಗೆ ಬೂದುಬಣ್ಣದ ವಿಧಿಯನ್ನು ಮೊದಲು ಬರೆದು, ಕೆಂಪನ್ನು ಆಮೇಲೆ ಬರೆದು, ಬೂದು ಮೇಲೆಯೇ ಇರುವಂತೆ ಏರಿಸಿಟ್ಟಿರುವೆನು. ತಿಂಗಳ ಕೊನೆಯಲ್ಲಿ ಜ್ಞಾಪನಪತ್ರಗಳನ್ನು ಬರೆಯುವ ಮುನ್ನ ಒಂದೊಂದು ಕೆಂಪು ಮನೆಯ ಎದುರಿನ ಹೆಸರನ್ನೂ ಮೆಲ್ಲಗೆ ಗಟ್ಟಿಯಾಗಿ ಓದಿಕೊಳ್ಳುವೆನು. ಇವರು ಆಜೀವ ಸದಸ್ಯರೇ? ಹಣವನ್ನು ಸಭೆಯ ದಿನ ಕೈಯಲ್ಲಿಯೇ ಕೊಟ್ಟಿದ್ದರೇ? ಇವರ ಮನೆಯಲ್ಲಿ ಏನಾದರೂ ಕಷ್ಟ ಒದಗಿದೆಯೇ? ಹೀಗೆ ಓದುವುದರಿಂದ ಅರ್ಧ ಗಂಟೆ ಹೆಚ್ಚು ಹಿಡಿಯುವುದು. ಹಿಡಿಯಲಿ.

ಇಷ್ಟಾದರೂ, ಹಣ ಸಲ್ಲಿಸಿದ ಬಳಿಕವೂ ಜ್ಞಾಪನಪತ್ರವು ತಮ್ಮ ಕೈಸೇರಿದರೆ, ವಾಚಕರು ಯಂತ್ರವನ್ನು ಬಯ್ಯಬಾರದು. ಅದು ಹೇಳಿದಷ್ಟನ್ನು ಮಾಡಿರುವುದು. ತಪ್ಪು ನಿಬಂಧನೆಯನ್ನು ಬರೆದವನದು. ಅವನಿಗೆ ಒಂದು ಕಾರ್ಡು ಬರೆದು ತಿಳಿಸಿದರೆ, ಎಲ್ಲಿ ತಡೆಯಬೇಕಾಗಿತ್ತೆಂಬುದನ್ನು ಇನ್ನೊಮ್ಮೆ ಕಲಿತುಕೊಳ್ಳುವನು.